ಗುಜರಿಗೆ ಬಿಡದ ಬಾಯಮ್ಮ

ಇಗರ್ಜಿಯಲ್ಲಿ ಶವಪೆಟ್ಟಿಗೆಯ ಮುಂದೆ ನಿಂತು ಪಾದ್ರಿಗಳು, "ಇವರು ಸಾಧು ಸ್ವಭಾವದವರು, ಯಾರಿಗೂ ಎದುರಾಡಿದವರಲ್ಲ" ಎಂದಾಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾವು ನಾಲ್ಕೈದು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಾದ್ರಿಗಳದು ತಪ್ಪಿಲ್ಲ. ಅವರು ಊರಿಗೆ ಹೊಸಬರು. ಸತ್ತವರ ಬಗ್ಗೆ ಹಾಗೆ ಹೇಳುವುದು ವಾಡಿಕೆ ಕೂಡ. ನನ್ನ ಪಕ್ಕದಲ್ಲಿದ್ದ ರಿಕ್ಷಾ ಡ್ರೈವರನಿಗೆ ಮಾತ್ರ ತಡೆಯಲಾಗಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, "ಇವರು ಬೇರೆ ಯಾರ ಬಗ್ಗೆಯೋ ಹೇಳ್ತಾ ಇದ್ದಾರೆ ಕಾಣ್ತದೆ" ಎಂದ. ಅವನಿಗೆ ನಗು ಬಂದಿತ್ತು. ನನಗೆ ಸಿಟ್ಟು ಬಂತು. ಇಡೀ ಜೀವಮಾನ ಯಾರ ಮುಂದೆಯೂ ತಲೆ ತಗ್ಗಿಸದೆ ಬದುಕಿದ ಹೆಂಗಸನ್ನು ಕೊನೆಯ ಹತ್ತು ನಿಮಿಷದಲ್ಲಿ ಸಾಧು ಮಾಡಿ ಮಣ್ಣಿಗೆ ಕಳಿಸುವುದು ನ್ಯಾಯವಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬುಗಳು ಎಂದೂ ಕರೆಯುವುದು. ತೀರಿಕೊಂಡ ಈ ಹೆಂಗಸಿಗೆ ಉದ್ದದ ಹೆಸರೊಂದು ಇತ್ತು. ಅದನ್ನು ನಾನು ಮೊದಲ ಸಲ ಕೇಳಿದ್ದೇ ಆ ದಿನ ಇಗರ್ಜಿಯಲ್ಲಿ. ನನಗೆ ಅವರು ಬಾಯಮ್ಮ, ಇಲ್ಲೂ ಹಾಗೆಯೇ ಇರಲಿ.

ಎಡನೀರು ದಾಟಿ ನಮ್ಮ ಬೆಳ್ಳೂರಿನ ಕಡೆ ಬರುವಾಗ ಸಿಗುವ ಒಂದು ಸಣ್ಣ ಪೇಟೆಯಲ್ಲಿ ಅವರ ಅಂಗಡಿ. ವಾಹನಗಳ ವಯರಿಂಗು, ಬ್ಯಾಟರಿ, ಡೈನಮೋ, ಸ್ಟಾರ್ಟರು, ಹಾರ್ನು, ಹೀಗೆ ಕರೆಂಟು ಹರಿಯುವ ಎಲ್ಲದರ ರಿಪೇರಿ. ನೈಟಿಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟು, ತೋಳು ಮೊಣಕೈವರೆಗೆ ಮಡಚಿ, ಒಂದು ಕಾಲು ಮುರಿದ ಕನ್ನಡಕವನ್ನು ತಾಮ್ರದ ತಂತಿಯಿಂದ ಕಿವಿಗೆ ಬಿಗಿದುಕೊಂಡು ಕೂರುತ್ತಿದ್ದರು. ಕುತ್ತಿಗೆಯಲ್ಲಿ ಜಪಸರ, ಅದರ ಮೇಲೆ ಟೆಸ್ಟ್ ಲ್ಯಾಂಪು. ಸಣ್ಣ ಬಲ್ಬಿಗೆ ಎರಡು ವಯರು ಕಟ್ಟಿದರೆ ಅದೇ ಟೆಸ್ಟ್ ಲ್ಯಾಂಪು. ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಅದು ತೋರಿಸುತ್ತದೆ.

ಈ ಕೆಲಸವನ್ನು ಅವರು ಆಸೆಪಟ್ಟು ಕಲಿತದ್ದಲ್ಲ. ಅಂಗಡಿ ಅವರ ಗಂಡನದು. ಬಾಯಮ್ಮ ಬೀಡಿ ಕಟ್ಟುತ್ತಿದ್ದರು. ಒಂದು ದಿನ ಜಾಕಿ ಜಾರಿ ಜೀಪು ಪೊರ್ಬುಗಳ ಮೇಲೆ ಕೂತಿತು. ಜೀವ ಉಳಿಯಿತು, ಆದರೆ ಕುತ್ತಿಗೆಯಿಂದ ಕೆಳಗೆ ಏನೂ ಉಳಿಯಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚ ಹಾಕಿದರು. ಅರ್ಧ ಬಿಚ್ಚಿಟ್ಟಿದ್ದ ಡೈನಮೋಗಳನ್ನು ಗಿರಾಕಿಗಳು ವಾಪಸು ಕೇಳಲು ಬಂದಾಗ ಬಾಯಮ್ಮ, "ನಾಳೆ ಬನ್ನಿ, ಆಗಿರ್ತದೆ" ಎಂದರಂತೆ. ಆ ರಾತ್ರಿ ಡೈನಮೋವನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟರು. ಅವರು ಬಾಯಲ್ಲಿ ಹೇಳಿದರು, ಇವರು ಕೈಯಲ್ಲಿ ಮಾಡಿದರು. ಹಾಗೆ ಹನ್ನೊಂದು ವರ್ಷ.

"ಕಷ್ಟ ಆಗ್ಲಿಲ್ವಾ ಬಾಯಮ್ಮ?" ಎಂದು ನಾನೊಮ್ಮೆ ಕೇಳಿದ್ದೆ.

"ಎಂತದ್ದು ಕಷ್ಟ? ದಿನಕ್ಕೆ ಸಾವಿರ ಬೀಡಿ ಕಟ್ಟಿದ ಬೆರಳು ಮಾರಾಯ. ತಂತಿ ಸುತ್ತಲಿಕ್ಕೆ ಆಗುದಿಲ್ವಾ? ಕಷ್ಟ ಆದದ್ದು ಅವರಿಗೆ. ನಾನು ತಪ್ಪು ಮಾಡುದನ್ನು ನೋಡಿಕೊಂಡು ಮಲಗಬೇಕಿತ್ತಲ್ಲ."

ಮೊದಲು ಜನ ಕರುಣೆಯಿಂದ ಕೆಲಸ ಕೊಟ್ಟರು. ಆಮೇಲೆ ಬೇರೆ ಕಡೆ ಕೊಟ್ಟರೆ ಸರಿಯಾಗುವುದಿಲ್ಲ ಎಂದು ಇಲ್ಲಿಗೇ ತಂದರು.

ಪೊರ್ಬುಗಳು ತೀರಿಕೊಂಡು ತಿಂಗಳಾದಾಗ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ನೋಡಿದರೆ ಅಂಗಡಿಯ ಬಾಗಿಲಿಗೆ ಇನ್ನೊಂದು ಬೀಗ. ಕಟ್ಟಡದ ಧಣಿ ಹಾಕಿಸಿದ್ದು. ಗಂಡ ಸತ್ತ ಮೇಲೆ ಹೆಂಗಸಿಗೆ ಅಂಗಡಿ ಯಾಕೆ ಎಂಬುದು ಅವರ ವಾದ. ಕರಾರು ಮುಗಿಯಲು ಎರಡು ವರ್ಷ ಬಾಕಿಯಿತ್ತು. ಬಾಯಮ್ಮ ಕೋರ್ಟಿಗೂ ಹೋಗಲಿಲ್ಲ, ಸ್ಟೇಷನ್ನಿಗೂ ಹೋಗಲಿಲ್ಲ. ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ತಂದರು. ಮಧ್ಯಾಹ್ನ ಹನ್ನೆರಡಕ್ಕೆ, ಬಸ್‌ಸ್ಟಾಂಡಿನ ಎದುರು, ಅಷ್ಟೂ ಜನ ನೋಡುತ್ತಿರುವಾಗ ಬಾಗಿಲ ಮುಂದೆ ಕೂತು ಬೀಗ ಕೊಯ್ಯತೊಡಗಿದರು. ದಪ್ಪ ಬೀಗ. ಮೂರು ಬ್ಲೇಡು ತುಂಡಾಯಿತು. ಸಹಾಯಕ್ಕೆ ಬಂದ ಇಬ್ಬರನ್ನು ಕೈ ಬೀಸಿ ದೂರ ಕಳಿಸಿದರು. ಸುಮಾರು ಒಂದೂವರೆ ಗಂಟೆ. ಅಷ್ಟು ಹೊತ್ತಿಗೆ ಧಣಿಯೂ ಬಂದು ನಿಂತಿದ್ದರು. ಬೀಗ ಬಿದ್ದದ್ದೇ ಬಾಯಮ್ಮ ಎದ್ದು, ಅದನ್ನು ಅಂಗಿಯ ತುದಿಯಿಂದ ಒರೆಸಿ ಅವರ ಕೈಗೆ ಕೊಟ್ಟರು.

"ನಿಮ್ಮದು ಇಲ್ಲಿ ಬಿದ್ದಿತ್ತು" ಎಂದರು.

ಆ ಕಟ್ಟಡದಲ್ಲಿ ಅವರು ಮತ್ತೆ ಹದಿನಾರು ವರ್ಷ ಇದ್ದರು.

ಕಚೇರಿಗಳಲ್ಲೂ ಅವರ ವ್ಯವಹಾರ ಹೀಗೆಯೇ. ನಮ್ಮ ಗಡಿನಾಡಿನ ಕಚೇರಿಗಳಲ್ಲಿ ಕಾಗದಪತ್ರ ಮಲಯಾಳದಲ್ಲಿ. ಯಾವುದೋ ಕಾರ್ಡಿನಲ್ಲಿ ಉದ್ಯೋಗದ ಜಾಗದಲ್ಲಿ ಅವರಿಗೆ ಮಲಯಾಳದಲ್ಲಿ 'ವೀಟ್ಟಮ್ಮ' ಎಂದು ಬರೆದಿದ್ದರು. ಮನೆಯಲ್ಲಿರುವ ಹೆಂಗಸು ಎಂದರ್ಥ. ತಿದ್ದಲು ಅರ್ಜಿ ಕೊಡಬೇಕು, ಅದಕ್ಕೆ ತೆಳಿವು ಬೇಕು, ಅಂದರೆ ಪುರಾವೆ ಬೇಕು, ಎಂದರು ಗುಮಾಸ್ತರು. ಮರುದಿನ ಬಾಯಮ್ಮ ಚೀಲದಿಂದ ಗ್ರೀಸು ಮೆತ್ತಿದ ಸ್ಟಾರ್ಟರು ಮೋಟರೊಂದನ್ನು ತೆಗೆದು ಮೇಜಿನ ಮೇಲಿದ್ದ ಫೈಲುಗಳ ನಡುವೆ ಕೂರಿಸಿದರು.

"ಇದು ತೆಳಿವು. ನಿಮ್ಮೆದುರೇ ಬಿಚ್ಚಿ ಪುನಃ ಜೋಡಿಸ್ತೇನೆ. ಎಷ್ಟು ಹೊತ್ತು ಬೇಕು ಅಂತ ಗಡಿಯಾರ ನೋಡಿ."

ಬಿಚ್ಚಲು ಬಿಡಲಿಲ್ಲ. ಕಾರ್ಡು ಅಂದೇ ತಿದ್ದಿ ಬಂತು.

ಅವರ ಬಾಯಲ್ಲಿ ಪದೇ ಪದೇ ಬರುತ್ತಿದ್ದ ಒಂದು ಮಾತು: "ನೋಡದೆ ಬದಲಾಯಿಸುವವ ಮೆಕ್ಯಾನಿಕ್ ಅಲ್ಲ, ಅಂಗಡಿಯವ." ಈ ಮಾತಿನ ಅರ್ಥ ನನಗೆ ಪೂರ್ತಿ ಆದದ್ದು ನನ್ನ ಲಾರಿ ಕೆಟ್ಟು ನಿಂತ ಬೇಸಿಗೆಯಲ್ಲಿ.

ಆ ಲಾರಿ ಅಪ್ಪ ಮಿಲಿಟರಿಯ ಹರಾಜಿನಲ್ಲಿ ತಂದದ್ದು. ಗಿಡ್ಡ, ಅಗಲ ಮೋರೆಯ ಹಳೆಯ ಗಾಡಿ. ಪೆಟ್ರೋಲ್ ಇಂಜಿನು, ನಾಲ್ಕೂ ಚಕ್ರಕ್ಕೆ ಎಳೆತ. ಅಪ್ಪನ ನಂತರ ನಾನು ಅದರ ಬೆನ್ನಿಗೆ ನೀರಿನ ಟ್ಯಾಂಕು ಕೂರಿಸಿದೆ. ಕುಂಬ್ಡಾಜೆಯ ಆಚೆ ಪಾದೆಕಲ್ಲು ಗುಡ್ಡೆ ಎಂಬಲ್ಲಿ ಇಪ್ಪತ್ತೆರಡು ಮನೆಗಳಿವೆ. ಮಾರ್ಚಿ ಬಂದರೆ ಅಲ್ಲಿ ಬಾವಿಯ ತಳ ಕಾಣುತ್ತದೆ. ದಾರಿ ಎಂದರೆ ಮುರಕಲ್ಲು ಎಂಬ ಕೆಂಪುಕಲ್ಲು ಕಡಿದು ಮಾಡಿದ ಓಣಿ. ಕಡಿದಾದ ಏರು, ನಡುವೆ ಒಂದು ಇಕ್ಕಟ್ಟಿನ ತಿರುವು. ದೊಡ್ಡ ಟ್ಯಾಂಕರು ಅಲ್ಲಿ ತಿರುಗುವುದಿಲ್ಲ. ಹತ್ತುವುದು ನನ್ನ ಗಿಡ್ಡ ಲಾರಿ ಒಂದೇ. ಬೇಸಿಗೆಯಿಡೀ ದಿನಕ್ಕೆ ಒಂದು ಸಲ ಅದು ನೀರು ಹೊತ್ತು ಹತ್ತಿದರೆ ಆ ಮನೆಗಳಲ್ಲಿ ಅನ್ನ ಬೇಯುತ್ತದೆ.

ಆ ಲಾರಿ ಏಪ್ರಿಲಿನ ಒಂದು ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ. ಸ್ಟಾರ್ಟರು ತಿರುಗುತ್ತದೆ, ಪೆಟ್ರೋಲು ಬರುತ್ತದೆ, ಕಿಡಿ ಇಲ್ಲ. ಪೆಟ್ರೋಲ್ ಇಂಜಿನಿಗೆ ಕಿಡಿಯೇ ಪ್ರಾಣ. ಬ್ಯಾಟರಿಯ ಕರೆಂಟು ಕಾಯಿಲಿಗೆ ಬಂದು ಅಲ್ಲಿ ಬಲವಾಗಿ, ಡಿಸ್ಟ್ರಿಬ್ಯೂಟರಿನ ಮೂಲಕ ಒಂದೊಂದು ಪ್ಲಗ್ಗಿಗೆ ಹಂಚಿಹೋಗಿ ಕಿಡಿಯಾಗಬೇಕು. ಮೊದಲ ಮೆಕ್ಯಾನಿಕ್ ಬಂದು ಕಾಯಿಲು, ಪ್ಲಗ್ಗು ಬದಲಾಯಿಸಿದ. ಎರಡನೆಯವನು ಡಿಸ್ಟ್ರಿಬ್ಯೂಟರು ಬಿಚ್ಚಿ ಅದರೊಳಗೆ ತೆರೆದು ಮುಚ್ಚುವ ಪಾಯಿಂಟನ್ನೂ ಕಂಡೆನ್ಸರನ್ನೂ ಬದಲಾಯಿಸಿದ. ಮೂರನೆಯವನು ಹತ್ತು ನಿಮಿಷ ನೋಡಿ, "ಡಿಸ್ಟ್ರಿಬ್ಯೂಟರೇ ಹೋಗಿದೆ. ಇದರ ಸಾಮಾನು ಇಂಡಿಯಾದಲ್ಲೇ ಸಿಗುದಿಲ್ಲ. ಗುಜರಿಗೆ ಕೊಡಿ" ಎಂದ.

ಐದು ದಿನ ಹೀಗೆ ಕಳೆಯಿತು. ದೊಡ್ಡ ಟ್ಯಾಂಕರು ಗುಡ್ಡೆಯ ಬುಡದಲ್ಲಿ ನೀರು ಇಳಿಸಿ ಹೋಗುತ್ತಿತ್ತು. ಮೂರನೆಯ ದಿನ ಕೊಡ ಹೊತ್ತು ಏರುತ್ತಿದ್ದ ಒಬ್ಬ ಹೆಂಗಸು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ, ನಿಜ. ಆದರೂ ಕೊನೆಗೆ ನಾನು ಮಾಡಿದ್ದೇನು? ಗುಜರಿಯವರಿಗೆ ಫೋನು ಮಾಡಿ, "ನಾಳೆ ಬಂದು ಎಳೆದುಕೊಂಡು ಹೋಗಿ" ಎಂದೆ.

"ಬಾಯಮ್ಮನಲ್ಲಿ ಒಮ್ಮೆ ಕೇಳಬಹುದಿತ್ತಲ್ಲ?" ಎಂದಳು ನನ್ನ ಹೆಂಡತಿ.

"ಅವರಿಗೆ ಎಪ್ಪತ್ತಾಯ್ತು. ಕೈ ನಡುಗ್ತದೆ. ಈಗ ಎಂತ, ಸ್ಕೂಟರಿನ ಹಾರ್ನು ನೋಡ್ತಾರೆ ಅಷ್ಟೆ" ಎಂದೆ.

ಅವಳು ನನಗೆ ಹೇಳದೆ ಬಾಯಮ್ಮನಿಗೆ ಫೋನು ಮಾಡಿದಳು.

ಮರುದಿನ ಒಂಬತ್ತು ಗಂಟೆಗೆ ರಿಕ್ಷಾದಿಂದ ಖಾಕಿ ಅಂಗಿ ಇಳಿಯಿತು. ಅಂಗಳದಲ್ಲಿ ನಿಂತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಎಂತ, ಸಾಯುವ ಮೊದಲೇ ಹೊತ್ತುಕೊಂಡು ಹೋಗ್ಲಿಕ್ಕೆ ಜನ ಹೇಳಿದ್ದೀಯಂತೆ?"

"ಬಾಯಮ್ಮ, ಮೂರು ಜನ ನೋಡಿ ಆಯ್ತು. ಡಿಸ್ಟ್ರಿಬ್ಯೂಟರು ಹೋಗಿದೆಯಂತೆ."

"ಎಲ್ಲಿಗೆ ಹೋಗಿದೆ? ಅಲ್ಲೇ ಉಂಟಲ್ಲ."

ಮೂವರೂ ಏನೇನು ಮಾಡಿದರೆಂದು ಸಾಲಾಗಿ ಹೇಳಿಸಿದರು. ತೆಗೆದ ಹಳೆಯ ಸಾಮಾನು ಎಲ್ಲಿ ಎಂದರು. ಬಿಸಾಡಿದ್ದಾರೆ ಎಂದೆ. ಮುಖ ಕಪ್ಪಾಯಿತು. ನಂತರ ಬಾನೆಟ್ ಎತ್ತಿಸಿ, ಕಾಯಿಲಿನಿಂದ ಬರುವ ದಪ್ಪ ವಯರನ್ನು ಡಿಸ್ಟ್ರಿಬ್ಯೂಟರಿನಿಂದ ಕಿತ್ತು ಇಂಜಿನಿನ ಕಬ್ಬಿಣಕ್ಕೆ ಒಂದು ಭತ್ತದ ಕಾಳಿನಷ್ಟು ದೂರದಲ್ಲಿ ಹಿಡಿದು, "ಹೊಡಿ" ಎಂದರು. ನಾನು ಸ್ಟಾರ್ಟರು ಹೊಡೆದೆ. ಕಿಡಿ ಹಾರಲಿಲ್ಲ.

"ಸರಿ. ಹಾಗಾದ್ರೆ ರೋಗ ಪ್ಲಗ್ಗಿನಲ್ಲಿ ಅಲ್ಲ, ಪ್ಲಗ್ಗಿನ ವಯರಿನಲ್ಲೂ ಅಲ್ಲ. ಇದರ ಈಚೆಯೇ ಉಂಟು."

ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಲಾರಿಯ ಕಬ್ಬಿಣಕ್ಕೆ ಕಚ್ಚಿಸಿ ಇನ್ನೊಂದನ್ನು ಕಾಯಿಲಿಗೆ ಕರೆಂಟು ಬರುವ ಕಡೆ ಮುಟ್ಟಿಸಿದರು. ಬಲ್ಬು ಉರಿಯಿತು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆ ಮುಟ್ಟಿಸಿದರು. ಉರಿಯಲಿಲ್ಲ. ಮತ್ತೆ ಹೊಡೆಯಲು ಹೇಳಿದರು. ಆಗಲೂ ಕತ್ತಲೆ.

"ಇಲ್ಲಿ ಬಲ್ಬು ಮಿಣಮಿಣ ಅನ್ನಬೇಕು. ಒಳಗೆ ಪಾಯಿಂಟು ತೆರೆದಾಗ ಉರಿಬೇಕು, ಮುಚ್ಚಿದಾಗ ಆರಬೇಕು. ಹಾಗೆ ತೆರೆದು ಮುಚ್ಚಿದ್ರೆ ಕಾಯಿಲು ಕಿಡಿ ಕೊಡ್ತದೆ. ಇದು ಉರಿಯುದೇ ಇಲ್ಲ ಅಂದ್ರೆ ಕರೆಂಟು ಎಲ್ಲಿಯೋ ಕಬ್ಬಿಣಕ್ಕೆ ಸೋರಿ ಹೋಗ್ತಾ ಉಂಟು."

ಆ ಹೊತ್ತಿಗೆ ಗುಜರಿಯವರ ಗಾಡಿ ಬಂತು. ಮೂರು ಜನ, ಎಳೆಯಲು ಸರಪಳಿ. ಮುಂದಿನವನು ಇಳಿದು, "ಹೊರಡುವಾ?" ಎಂದು ನನ್ನನ್ನು ಕೇಳಿದ. ನಾನು ಬಾಯಮ್ಮನ ಮುಖ ನೋಡಿದೆ.

"ನನ್ನನ್ನು ಎಂತಕ್ಕೆ ನೋಡ್ತೀಯ? ಗಾಡಿ ನಿನ್ನದು. ನೀನು ಹೇಳು."

"ಸ್ವಲ್ಪ ಕಾಯಿರಿ" ಎಂದೆ, ಅರ್ಧ ಮನಸ್ಸಿನಿಂದ.

ಅವರು ನೆರಳಿನಲ್ಲಿ ಕೂತರು. ಬಾಯಮ್ಮ ಡಿಸ್ಟ್ರಿಬ್ಯೂಟರಿಗೆ ಹೋಗುವ ವಯರನ್ನು ಬಿಚ್ಚಿದರು. ತಕ್ಷಣ ಬಲ್ಬು ಉರಿಯಿತು. ಸೋರಿಕೆ ಡಿಸ್ಟ್ರಿಬ್ಯೂಟರಿನಲ್ಲೇ ಎಂದಾಯಿತು. ಅದರ ಪಕ್ಕೆಯಲ್ಲಿ ವಯರು ಒಳಹೋಗುವ ಕಡೆ ಒಂದು ಬೋಲ್ಟು. ಅದು ಕಬ್ಬಿಣಕ್ಕೆ ತಾಗದಂತೆ ಒಳಗೊಂದು ಹೊರಗೊಂದು ಫೈಬರಿನ ಬಿಲ್ಲೆ ಇರಬೇಕು. ಬಿಚ್ಚಿ ನೋಡಿದರೆ ಎರಡು ಬಿಲ್ಲೆಯನ್ನೂ ಹೊರಗೇ ಹಾಕಿದ್ದರು. ಪಾಯಿಂಟು ಬದಲಾಯಿಸಿದ ಮಹಾಶಯನ ಕೆಲಸ. ಬಾಯಮ್ಮ ಅದನ್ನು ಸರಿಯಾಗಿ ಕೂರಿಸಿದರು. ನನಗೆ ಹಾರಾಡುವಷ್ಟು ಖುಷಿ. ಓಡಿಹೋಗಿ ಸ್ಟಾರ್ಟರು ಹೊಡೆದೆ.

ಕಿಡಿ ಬರಲಿಲ್ಲ.

ಗುಜರಿಯವರಲ್ಲಿ ಒಬ್ಬ ನಕ್ಕ. "ಅಜ್ಜೀ, ಅದು ಬದುಕುದಿಲ್ಲ. ನಮಗೆ ಬೇರೆ ಕಡೆಯೂ ಹೋಗ್ಲಿಕ್ಕುಂಟು."

ನಾನೂ ಸೋತ ಸ್ವರದಲ್ಲಿ, "ಬಿಡಿ ಬಾಯಮ್ಮ, ನೀವು ಆದಷ್ಟು ನೋಡಿದ್ರಿ" ಎಂದೆ. ಅಷ್ಟು ಹೇಳಬಾರದಿತ್ತು. ಕನ್ನಡಕ ತೆಗೆದು ನನ್ನತ್ತ ತಿರುಗಿದರು.

"ಈಗ ಸರಿ ಮಾಡಿದ್ದು ಆ ಪಾಯಿಂಟು ಹಾಕಿದವ ಮಾಡಿದ ರೋಗ. ಅವ ಬರುವ ಮೊದಲೇ ಗಾಡಿ ನಿಂತಿತ್ತಾ ಇಲ್ವಾ? ಹಾಗಾದ್ರೆ ಮೊದಲಿನ ರೋಗ ಇನ್ನೂ ಒಳಗೆ ಉಂಟು. ಅದನ್ನು ಇಷ್ಟರವರೆಗೆ ಒಬ್ಬನೂ ನೋಡ್ಲಿಲ್ಲ. ನೋಡದೆ ಸತ್ತಿದೆ ಅಂತ ಹೇಳ್ಲಿಕ್ಕೆ ನೀನು ಯಾರು?" ನಂತರ ನೆರಳಿನತ್ತ ತಿರುಗಿ, "ನೀವು ಹೋಗಿ. ಬೇರೆ ಕಡೆ ಉಂಟಂತಲ್ಲ, ಅಲ್ಲಿಗೆ ಹೋಗಿ. ಇಲ್ಲಿ ಗುಜರಿ ಇಲ್ಲ."

ಮೂವರೂ ನನ್ನನ್ನು ನೋಡಿದರು. ಈ ಸಲ ನಾನು ಬಾಯಮ್ಮನ ಮುಖ ನೋಡಲಿಲ್ಲ. "ಹೌದು, ಹೋಗಿ. ಕೊಡುದಿಲ್ಲ" ಎಂದೆ. ಅವರು ಗೊಣಗುತ್ತ ಸರಪಳಿ ಎತ್ತಿಕೊಂಡು ಹೋದರು. ಕಿಡಿ ಬಾರದ ಲಾರಿ ಅಂಗಳದಲ್ಲೇ ಉಳಿಯಿತು.

ಬಾಯಮ್ಮ ಮತ್ತೆ ಬಲ್ಬು ಹಿಡಿದರು. ಈಗ ಅದು ಉರಿಯುತ್ತಿತ್ತು, ಆದರೆ ಸ್ಟಾರ್ಟರು ಹೊಡೆದರೂ ಆರುತ್ತಿರಲಿಲ್ಲ. ಮೊದಲು ಕತ್ತಲೆ ಮಾತ್ರ, ಈಗ ಬೆಳಕು ಮಾತ್ರ. ಪಾಯಿಂಟು ಕಣ್ಣೆದುರೇ ಮುಚ್ಚಿ ತೆರೆಯುತ್ತಿದೆ, ಕರೆಂಟು ಮಾತ್ರ ಅಲ್ಲಿಗೆ ಮುಟ್ಟುತ್ತಿಲ್ಲ. ಬೋಲ್ಟಿನಿಂದ ಪಾಯಿಂಟಿಗೆ ಒಳಗೊಳಗೆ ಹೋಗುವುದು ಕಿರುಬೆರಳಿನಷ್ಟು ಉದ್ದದ ಒಂದು ಬಟ್ಟೆ ಸುತ್ತಿದ ವಯರು. ನೋಡಲು ಚೆನ್ನಾಗಿಯೇ ಇತ್ತು. ಬಾಯಮ್ಮ ಕಣ್ಣು ಮುಚ್ಚಿ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಬೀಡಿ ಸುರುಟುವ ಹಾಗೆ ಮೆಲ್ಲಗೆ ಹೊರಳಿಸುತ್ತ ಹೋದರು. ನಡುವಿನಲ್ಲಿ ಬೆರಳು ನಿಂತಿತು. ಮೆಲ್ಲಗೆ ಎಳೆದರು. ವಯರು ರಬ್ಬರಿನಂತೆ ಉದ್ದವಾಯಿತು.

"ಸಿಕ್ಕಿಬಿದ್ದಿಯಾ" ಎಂದರು. ಬಟ್ಟೆ ಗಟ್ಟಿಯಿತ್ತು, ಒಳಗಿನ ತಾಮ್ರ ತುಂಡಾಗಿತ್ತು.

ಹೊಸ ವಯರು ಬೆಸುಗೆ ಹಾಕಬೇಕಿತ್ತು. ಮೆತ್ತಗಿನ ವಯರೇ ಬೇಕು. ಗಟ್ಟಿಯದು ಅಲ್ಲಾಡಿ ಅಲ್ಲಾಡಿ ಮತ್ತೆ ಮುರಿಯುತ್ತದೆ. ಚೀಲದಲ್ಲಿ ಸರಿಯಾದ್ದು ಇರಲಿಲ್ಲ. ಒಂದು ಕ್ಷಣ ಯೋಚಿಸಿ, ತಮ್ಮ ಟೆಸ್ಟ್ ಲ್ಯಾಂಪಿನ ವಯರಿನ ತುದಿಯಿಂದಲೇ ಒಂದು ಬೆರಳುದ್ದ ಕತ್ತರಿಸಿದರು. ಬೆಸುಗೆಯ ಬಿಸಿ ಕಬ್ಬಿಣ ಹಿಡಿದ ಬಲಗೈ ಗಡಗಡ ನಡುಗತೊಡಗಿತು. ನಾನು, "ನಾನು ಹಿಡಿಯಲಾ?" ಎಂದೆ. "ನೀನು ವಯರು ಹಿಡಿ. ಕೈ ಮಾತ್ರ ನಡುಗುದು, ತಲೆ ನಡುಗುದಿಲ್ಲ" ಎಂದು ಮಣಿಕಟ್ಟನ್ನು ಮಡ್ಗಾರ್ಡಿನ ಅಂಚಿಗೆ ಒತ್ತಿ ಹಿಡಿದು, ಎಡಗೈಯಿಂದ ಅದನ್ನು ಅದುಮಿ, ಎರಡು ತುದಿಗೂ ಸೀಸದ ಹನಿ ಕೂರಿಸಿದರು. ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬಿತ್ತು. ಒರೆಸಲಿಲ್ಲ.

ಆಮೇಲೆ ಬಲ್ಬು ಮಿಣಮಿಣ ಅಂದಿತು. ದಪ್ಪ ವಯರಿನ ತುದಿಯಿಂದ ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. ಎಲ್ಲವನ್ನೂ ಜೋಡಿಸಿ ಹೊಡೆದಾಗ ಇಂಜಿನು ಎರಡು ಸಲ ಕೆಮ್ಮಿ ಎದ್ದಿತು. ನನ್ನ ಹೆಂಡತಿ ಜಗಲಿಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬಾಯಮ್ಮ ಚಾ ಕುಡಿಯಲೂ ಕೂರಲಿಲ್ಲ. "ನೀರು ತುಂಬಿಸು. ನಾನೂ ಬರ್ತೇನೆ" ಎಂದು ಲಾರಿ ಹತ್ತಿದರು.

ಪಾದೆಕಲ್ಲು ಗುಡ್ಡೆಯ ಏರಿನಲ್ಲಿ ಅವರು ಇಂಜಿನಿನ ಸದ್ದು ಕೇಳುತ್ತ ಕೂತಿದ್ದರು. ಮುರಕಲ್ಲಿನ ತಿರುವಿನಲ್ಲಿ ನಾನು ಗೇರು ಇಳಿಸಿದೆ. ಲಾರಿ ಹಿಡಿತ ಬಿಡದೆ ತಿರುಗಿ ಹತ್ತಿತು. ಮೇಲೆ ಸದ್ದು ಕೇಳಿಯೇ ಹೆಂಗಸರು ಕೊಡಗಳೊಂದಿಗೆ ಸಾಲುಗಟ್ಟಿದ್ದರು. ನಾನು ಲಾರಿ ನಿಲ್ಲಿಸಿದೆ, ಇಂಜಿನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಹೊತ್ತಿಕೊಳ್ಳದಿದ್ದರೆ ಎಂಬ ಹೆದರಿಕೆ.

ಬಾಯಮ್ಮ ಕೈ ಚಾಚಿ ಕೀ ತಿರುಗಿಸಿ ಇಂಜಿನು ಆರಿಸಿದರು.

"ಅಯ್ಯೋ, ಎಂತ ಮಾಡಿದ್ರಿ!" ಎಂದೆ.

"ನಿಲ್ಲಿಸ್ಲಿಕ್ಕೆ ಹೆದರುವ ಗಾಡಿ ರಿಪೇರಿ ಆಗಿಲ್ಲ ಅಂತ ಅರ್ಥ. ಇದು ಆಗಿದೆ."

ಸಾಲಿನ ಮುಂದಿದ್ದ ಹೆಂಗಸು ಕಿಟಕಿಯ ಹತ್ತಿರ ಬಂದು, ಕೆಳದನಿಯಲ್ಲಿ ಕೇಳಿದಳು. "ಅಣ್ಣಾ, ನಾಳೆಯೂ ಬರ್ತದಾ?"

ಐದು ದಿನ ಬುಡದಿಂದ ನೀರು ಹೊತ್ತ ಹೆಗಲು ಅವಳದು. ಬಾಯಮ್ಮ ನನ್ನನ್ನು ಸೀಟಿನಿಂದ ಇಳಿಸಿದರು.

"ಬಾ ಮಾರಾಯ್ತಿ, ಕೊಡ ಕೆಳಗಿಡು. ಹತ್ತಿ ಕೂತುಕೋ. ಅವನಲ್ಲಿ ಕೇಳುದು ಬೇಡ, ಗಾಡಿಯಲ್ಲೇ ಕೇಳು."

ಅವಳು ನಾಚಿದಳು, ಹಿಂದೆ ನೋಡಿದಳು, ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆದರೂ ಹತ್ತಿದಳು. ಇಷ್ಟು ವರ್ಷ ಆ ಲಾರಿಯ ನೀರು ಕುಡಿದವಳು ಅದರೊಳಗೆ ಕೂತದ್ದು ಅಂದೇ ಮೊದಲು. ಕೀ ಯಾವುದು, ಸ್ಟಾರ್ಟರಿನ ಗುಂಡಿ ಯಾವುದು ಎಂದು ಬಾಯಮ್ಮ ತೋರಿಸಿದರು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಕೀ ತಿರುಗಿಸಿ, ತುಟಿ ಕಚ್ಚಿ ಗುಂಡಿ ಒತ್ತಿದಳು.

ಇಂಜಿನು ಒಂದೇ ಸಲಕ್ಕೆ ಎದ್ದಿತು. ಸೀಟು, ಬಾಗಿಲು, ಅವಳ ಕೈಬಳೆ ಎಲ್ಲ ಅದುರತೊಡಗಿದವು. ಅವಳು ಗುಂಡಿಯಿಂದ ಬೆರಳು ತೆಗೆಯಲು ಮರೆತು ಬಾಯಮ್ಮನ ಮುಖ ನೋಡಿದಳು.

"ಕೇಳ್ತಾ?" ಎಂದರು ಬಾಯಮ್ಮ. "ಬೆರಳು ತೆಗಿ. ಇನ್ನು ಆರಿಸು. ಆರಿಸಿ ಪುನಃ ಒತ್ತು."